ಹಾಡುವ ಕಾಲ, ಮೌನದ ಕಾಲ: ಕಥೋಲಿಕ ಯುವ ಗಾನವೃಂದದ ಒಂದು ವರ್ಷ

ಕಥೋಲಿಕ ಧರ್ಮಕೇಂದ್ರಗಳಲ್ಲಿ ಭಾನುವಾರದ ಬಲಿಪೂಜೆಗೆ ಹಾಡುವ ತಂಡವೇ ಗಾನವೃಂದ. ಹೈಸ್ಕೂಲು ಮಕ್ಕಳು, ಕಾಲೇಜು ವಿದ್ಯಾರ್ಥಿಗಳು, ಆಗಷ್ಟೇ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಇದರಲ್ಲಿ ಹೆಚ್ಚು. ಅವರ ಜೊತೆಗೆ ರಾಗ ತಪ್ಪಿದರೆ ತಿದ್ದುವ ಒಬ್ಬಿಬ್ಬರು ಹಿರಿಯರು ಇರುತ್ತಾರೆ. ಸಂಬಳವಿಲ್ಲ, ಟಿಕೆಟ್ಟಿಲ್ಲ, ಚಪ್ಪಾಳೆಯೂ ಇಲ್ಲ. ಆದರೆ ವರ್ಷದ ಐವತ್ತೆರಡು ಭಾನುವಾರಗಳು, ಹಬ್ಬಗಳು, ಮದುವೆಗಳು, ಸಾವುಗಳು ಎಲ್ಲದಕ್ಕೂ ಈ ತಂಡ ಬೇಕು. ಧರ್ಮಸಭೆಯ ಕ್ಯಾಲೆಂಡರು ಯಾವ ವಾರ ಏನು ಹಾಡಬೇಕು, ಯಾವಾಗ ವಾದ್ಯ ತಗ್ಗಿಸಬೇಕು, ಯಾವಾಗ ಬಾಯಿ ಮುಚ್ಚಿರಬೇಕು ಎಂಬುದನ್ನೆಲ್ಲ ಹೇಳಿಕೊಡುತ್ತದೆ. ಆ ಕ್ಯಾಲೆಂಡರಿನ ಜೊತೆ ಒಂದು ವರ್ಷ ನಡೆದ ಯುವಕರು ಸಂಗೀತದ ಜೊತೆಗೆ ಸಂಯಮವನ್ನೂ ಕಲಿಯುತ್ತಾರೆ.

ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ ತುಮಕೂರು ಸೀಮೆಯ ಸಣ್ಣ ಧರ್ಮಕೇಂದ್ರಗಳ ತಂಡಗಳ ಬಗ್ಗೆ. ತುಮಕೂರು ಜಿಲ್ಲೆ ಬೆಂಗಳೂರು ಮಹಾಧರ್ಮಕ್ಷೇತ್ರಕ್ಕೆ ಸೇರಿದೆ. 1940ರಲ್ಲಿ ಧರ್ಮಕ್ಷೇತ್ರವಾಗಿ ರೂಪುಗೊಂಡ ಬೆಂಗಳೂರು 1953ರಲ್ಲಿ ಮಹಾಧರ್ಮಕ್ಷೇತ್ರವಾಯಿತು. ತುಮಕೂರು, ಗುಬ್ಬಿ, ಕುಣಿಗಲ್ ಕಡೆ, ಅಮೃತೂರಿನಂಥ ಹೋಬಳಿ ಊರುಗಳ ಸುತ್ತಮುತ್ತ, ಕ್ರೈಸ್ತರ ಸಂಖ್ಯೆ ತೀರ ಕಡಿಮೆ. ಬೆಂಗಳೂರಿನ ದೊಡ್ಡ ದೇವಾಲಯಗಳಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಪೂಜೆಗಳಿಗೆ ಬೇರೆಬೇರೆ ತಂಡಗಳಿರುವುದುಂಟು. ಸಣ್ಣ ಧರ್ಮಕೇಂದ್ರದಲ್ಲಿ ಇರುವ ಹತ್ತು ಹದಿನೈದು ಮಂದಿಯೇ ಎಲ್ಲವನ್ನೂ ಹೊರಬೇಕು. ಕೀಬೋರ್ಡ್ ನುಡಿಸುವ ಹುಡುಗ ಪರೀಕ್ಷೆಗೆ ಹೋದರೆ ಆ ವಾರ ಕೀಬೋರ್ಡೇ ಇಲ್ಲ.

ಲ್ಯಾಟಿನ್‌ನಿಂದ ಕನ್ನಡಕ್ಕೆ

ಮೈಸೂರು ಸೀಮೆಯಲ್ಲಿ ಕಥೋಲಿಕ ಧರ್ಮಪ್ರಚಾರ 17ನೇ ಶತಮಾನದ ಮಧ್ಯಭಾಗದಲ್ಲಿ ಬೇರೂರಿತು. ಇಟಲಿಯ ಯೇಸುಸಭೆಯ ಗುರು ಲಿಯೊನಾರ್ದೊ ಚಿನ್ನಮಿ ಶ್ರೀರಂಗಪಟ್ಟಣವನ್ನು ನೆಲೆಯಾಗಿಟ್ಟುಕೊಂಡು, ಕನ್ನಡ ಕಲಿತು, ಕನ್ನಡದಲ್ಲೇ ಧರ್ಮೋಪದೇಶ ಮಾಡಿದವರು. ಜಪ, ಭಕ್ತಿಗೀತೆ, ಉಪದೇಶಗಳಿಗೆ ಜನರ ಭಾಷೆ ಬಂದರೂ ಬಲಿಪೂಜೆ ಮಾತ್ರ ಮತ್ತೂ ಮುನ್ನೂರು ವರ್ಷ ಲ್ಯಾಟಿನ್‌ನಲ್ಲೇ ನಡೆಯಿತು.

ಸಂಗೀತದ ವಿಷಯದಲ್ಲೂ ಕಟ್ಟುನಿಟ್ಟು ಇತ್ತು. 1903ರ ನವೆಂಬರ್ 22ರಂದು, ಸಂಗೀತಗಾರರ ಪಾಲಕಿಯೆನಿಸಿದ ಸಂತ ಸಿಸಿಲಿಯಾಳ ಹಬ್ಬದ ದಿನ, ಹತ್ತನೇ ಪಯಸ್ ಪೋಪರು ಹೊರಡಿಸಿದ ಆಜ್ಞೆ ಗ್ರೆಗೋರಿಯನ್ ಗಾಯನಕ್ಕೆ ಮೊದಲ ಸ್ಥಾನ ಕೊಟ್ಟಿತು. ಪಿಯಾನೊ, ಡ್ರಮ್, ತಾಳದಂಥ ವಾದ್ಯಗಳು ದೇವಾಲಯದೊಳಗೆ ಬರಕೂಡದೆಂದಿತು. ಅರವತ್ತು ವರ್ಷಗಳ ನಂತರ, 1963ರ ಡಿಸೆಂಬರ್ 4ರಂದು, ಎರಡನೇ ವ್ಯಾಟಿಕನ್ ಮಹಾಸಭೆ ಆರಾಧನೆಯ ಕುರಿತ ತನ್ನ ಶಾಸನವನ್ನು ಪ್ರಕಟಿಸಿತು. ಜನಭಾಷೆಗೆ ಬಾಗಿಲು ತೆರೆಯಿತು. ಪ್ರತಿ ನಾಡಿನ ಜನರ ಸಂಗೀತ ಪರಂಪರೆಗೆ ಗೌರವ ಸಿಗಬೇಕು, ಆರಾಧನೆಗೆ ಒಗ್ಗುವ ಬೇರೆ ವಾದ್ಯಗಳನ್ನೂ ಬಳಸಬಹುದು ಎಂದು ಅದು ಹೇಳಿತು. 1967ರ ಮಾರ್ಚ್ 5ರ ಇನ್ನೊಂದು ಸೂಚನೆ, ಹಾಡು ಗಾನವೃಂದದ ಸ್ವತ್ತಲ್ಲ, ನೆರೆದ ಸಭೆಯೆಲ್ಲ ಅದರಲ್ಲಿ ಪಾಲುಗೊಳ್ಳಬೇಕು ಎಂಬುದನ್ನು ವಿವರಿಸಿತು. ಅದೇ ವರ್ಷ ಬೆಂಗಳೂರಿನಲ್ಲಿ ಡಿ.ಎಸ್. ಅಮಲೋರ್‌ಪವದಾಸ್ ಅವರ ಮುಂದಾಳತ್ವದಲ್ಲಿ ಆರಂಭವಾದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ಕೇಂದ್ರವು ಭಾರತೀಯ ಸಂಗೀತ, ನೃತ್ಯ, ಕಲೆಗಳನ್ನು ಆರಾಧನೆಗೆ ತರುವ ಕೆಲಸದ ಕೇಂದ್ರವಾಯಿತು.

ಈ ಬದಲಾವಣೆ ಬಯಲುಸೀಮೆಯ ಧರ್ಮಕೇಂದ್ರಗಳಿಗೆ ಸಹಜವಾಗಿ ಒಗ್ಗಿತು. 1884ರಲ್ಲಿ ಗುಬ್ಬಿ ನಾಟಕ ಕಂಪನಿ ಹುಟ್ಟಿದ ಸೀಮೆ ಇದು. ನಾಟಕದ ಹಾಡು, ಭಜನೆ, ಹರಿಕಥೆ ಕೇಳಿ ಬೆಳೆದ ಜನರಿಗೆ ಹಾರ್ಮೋನಿಯಂ, ತಬಲ ಹೊಸವಲ್ಲ. ಈಗ ಬಹುತೇಕ ಕಡೆ ಕೀಬೋರ್ಡು, ಗಿಟಾರು, ರಿದಂ ಪ್ಯಾಡು ಬಂದಿವೆ. ಆದರೂ ಕೀರ್ತನೆಯ ಪಲ್ಲವಿಯನ್ನು ಒಬ್ಬರು ಹೇಳಿಕೊಟ್ಟು ಎಲ್ಲರೂ ತಿರುಗಿ ಹಾಡುವ ಕ್ರಮದಲ್ಲಿ ಭಜನೆಯ ಜಾಡು ಸ್ಪಷ್ಟವಾಗಿ ಕೇಳಿಸುತ್ತದೆ.

ಒಂದು ಭಾನುವಾರದ ಸಿದ್ಧತೆ

ಹಾಡಿನ ಆಯ್ಕೆ ಶುರುವಾಗುವುದು ಹಾಡಿನ ಪುಸ್ತಕದಿಂದಲ್ಲ, ಆ ವಾರದ ವಾಚನಗಳಿಂದ. ಭಾನುವಾರದ ಶುಭಸಂದೇಶ ವಾಚನಗಳು ಮೂರು ವರ್ಷಕ್ಕೊಮ್ಮೆ ಸುತ್ತು ಮುಗಿಸುತ್ತವೆ. ಮೊದಲ ವರ್ಷ ಹೆಚ್ಚಾಗಿ ಮತ್ತಾಯ, ಎರಡನೇ ವರ್ಷ ಮಾರ್ಕ, ಮೂರನೇ ವರ್ಷ ಲೂಕ. ಒಳ್ಳೆಯ ಗಾನವೃಂದದಲ್ಲಿ ಶನಿವಾರ ಸಂಜೆಯ ಅಭ್ಯಾಸಕ್ಕೆ ಮೊದಲು ಯಾರಾದರೊಬ್ಬರು ಆ ವಾರದ ವಾಚನಗಳನ್ನು ಗಟ್ಟಿಯಾಗಿ ಓದುತ್ತಾರೆ. ಕ್ಷಮೆಯ ಕುರಿತ ವಾಚನವಿದ್ದರೆ ಕಾಣಿಕೆ ಗೀತೆ, ಪರಮಪ್ರಸಾದದ ಗೀತೆಗಳೂ ಅದಕ್ಕೆ ಹೊಂದಬೇಕು.

ಪೂಜೆಯ ಎಲ್ಲ ಹಾಡುಗಳೂ ಒಂದೇ ತೂಕದವಲ್ಲ. ಗುರುಗಳು ಮತ್ತು ಸಭೆಯ ನಡುವಿನ ಹಾಡಿನ ಮಾತುಕತೆ, ಪರಿಶುದ್ಧ ಗೀತೆ, ಅಲ್ಲೆಲೂಯ, ಉತ್ತರ ಕೀರ್ತನೆ, ಇವು ಪೂಜೆಯ ಅಂಗಗಳೇ. ಪ್ರವೇಶ, ಕಾಣಿಕೆ, ಪರಮಪ್ರಸಾದದ ಗೀತೆಗಳು ಆಯಾ ಕ್ರಿಯೆಯ ಜೊತೆಗೂಡುವಂಥವು. ಕ್ರಿಯೆ ಮುಗಿದಾಗ ಹಾಡೂ ಮುಗಿಯಬೇಕು. ಗುರುಗಳು ಬಲಿಪೀಠ ತಲುಪಿ ನಿಂತಿದ್ದರೂ ಪ್ರವೇಶ ಗೀತೆಯ ನಾಲ್ಕನೇ ಚರಣ ಸಾಗುತ್ತಿದ್ದರೆ ತಂಡಕ್ಕೆ ಇನ್ನೂ ಕಲಿಕೆ ಬಾಕಿ ಇದೆಯೆಂದರ್ಥ.

ಶ್ರುತಿಯ ಆಯ್ಕೆಯಲ್ಲೂ ಇದೇ ವಿವೇಕ ಬೇಕು. ಎಳೆಯ ಕಂಠದ ಹುಡುಗಿಯರಿಗೆ ಮೇಲಿನ ಶ್ರುತಿ ಹಿತ. ಆದರೆ ಹಿಂದಿನ ಸಾಲಿನಲ್ಲಿ ಕೂತ ಅಜ್ಜಿ, ಹೊಲದ ಕೆಲಸ ಮುಗಿಸಿ ಬಂದ ಗಂಡಸು ಅಷ್ಟು ಎತ್ತರ ಏರಲಾರರು. ಒಂದು ಸಾಲು ಪ್ರಯತ್ನಿಸಿ ಸುಮ್ಮನಾಗುತ್ತಾರೆ. ಕೀಬೋರ್ಡಿನಲ್ಲಿ ಒಂದೆರಡು ಮನೆ ಕೆಳಗಿಳಿಸಿದರೆ ಅದೇ ಹಾಡಿಗೆ ಇಡೀ ದೇವಾಲಯ ದನಿಗೂಡಿಸುತ್ತದೆ. ಗಾನವೃಂದದ ಸಾಮರ್ಥ್ಯವನ್ನು ಅಳೆಯಬೇಕಾದ್ದು ಇಲ್ಲಿಯೇ: ತಾನು ಎಷ್ಟು ಚೆನ್ನಾಗಿ ಹಾಡಿತು ಎನ್ನುವುದಕ್ಕಿಂತ ಸಭೆಯನ್ನು ಎಷ್ಟು ಹಾಡಿಸಿತು ಎನ್ನುವುದು ದೊಡ್ಡದು.

ಆಗಮನ ಕಾಲ ಮತ್ತು ಕ್ರಿಸ್ಮಸ್

ಆರಾಧನಾ ವರ್ಷ ಜನವರಿಯಲ್ಲಿ ಆರಂಭವಾಗುವುದಿಲ್ಲ. ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬರುವ ಭಾನುವಾರ, ಆಗಮನ ಕಾಲದ ಮೊದಲ ದಿನವೇ ಹೊಸ ವರ್ಷ. ಗುರುಗಳ ಉಡುಪು ನೇರಳೆಗೆ ತಿರುಗುತ್ತದೆ. ಭಾನುವಾರಗಳಲ್ಲಿ ಹಾಡುವ ಮಹಿಮಾ ಗೀತೆ ನಿಲ್ಲುತ್ತದೆ. ಅಲ್ಲೆಲೂಯ ಮಾತ್ರ ಉಳಿಯುತ್ತದೆ. ನಾಲ್ಕು ಭಾನುವಾರಗಳ ಈ ಅವಧಿ ಕಾಯುವ ಕಾಲ, ಆದ್ದರಿಂದ ಪೂಜೆಯಲ್ಲಿ ಕ್ರಿಸ್ಮಸ್ ಹಾಡುಗಳಿಗೆ ಇನ್ನೂ ಜಾಗವಿಲ್ಲ.

ದೇವಾಲಯದ ಹೊರಗೆ ಚಿತ್ರವೇ ಬೇರೆ. ಡಿಸೆಂಬರ್ ಎರಡನೇ ವಾರದಿಂದ ಯುವಕರು ಮನೆಮನೆಗೆ ಹೋಗಿ ಕ್ಯಾರಲ್ ಹಾಡುತ್ತಾರೆ. ಒಬ್ಬ ಕ್ರಿಸ್ಮಸ್ ತಾತನಾಗಿ ಕೆಂಪು ಅಂಗಿ ತೊಡುತ್ತಾನೆ, ಇನ್ನೊಬ್ಬ ಗಿಟಾರ್ ಹಿಡಿಯುತ್ತಾನೆ, ಚಿಕ್ಕವರು ಡೋಲು ಬಡಿಯುತ್ತಾರೆ. ಒಂದೊಂದು ಮನೆಯಲ್ಲಿ ಎರಡು ಹಾಡು, ಒಂದು ಪ್ರಾರ್ಥನೆ, ಕೇಕು, ಕಾಫಿ. ಅಕ್ಕಪಕ್ಕದ ಹಿಂದೂ, ಮುಸ್ಲಿಂ ಮನೆಗಳ ಮಕ್ಕಳೂ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಕೂಡಿದ ಕಾಣಿಕೆ ಗೋದಲಿಯ ಖರ್ಚಿಗೋ ಬಡವರ ಹಬ್ಬದೂಟಕ್ಕೋ ಹೋಗುತ್ತದೆ.

ಕ್ರಿಸ್ಮಸ್ ರಾತ್ರಿಯ ಪೂಜೆಯಲ್ಲಿ ವಾರಗಳ ಮೌನ ಮುರಿದು ಮಹಿಮಾ ಗೀತೆ ಗಂಟೆಗಳ ಸದ್ದಿನೊಡನೆ ಮರಳುತ್ತದೆ. ಆಗಮನ ಕಾಲದಲ್ಲಿ ಅದನ್ನು ತಡೆದಿಟ್ಟುಕೊಂಡ ತಂಡಕ್ಕೆ ಮಾತ್ರ ಆ ಕ್ಷಣದ ಬೆಲೆ ತಿಳಿಯುತ್ತದೆ. ಜಗತ್ತಿನ ಬಹು ಪ್ರಸಿದ್ಧ ಕ್ರಿಸ್ಮಸ್ ಗೀತೆ ‘ಸೈಲೆಂಟ್ ನೈಟ್’ ಹುಟ್ಟಿದ್ದೂ ಒಂದು ಸಣ್ಣ ಊರಿನ ದೇವಾಲಯದಲ್ಲಿ. 1818ರ ಡಿಸೆಂಬರ್ 24ರಂದು ಆಸ್ಟ್ರಿಯಾದ ಓಬರ್ನ್‌ಡಾರ್ಫ್‌ನಲ್ಲಿ ಗುರು ಯೋಸೆಫ್ ಮೋರ್ ಮತ್ತು ಶಾಲಾ ಮಾಸ್ತರ ಫ್ರಾನ್ಸ್ ಗ್ರೂಬರ್ ಅದನ್ನು ಗಿಟಾರಿನ ಜೊತೆಗೆ ಮೊದಲ ಬಾರಿಗೆ ಹಾಡಿದರು. ಸಣ್ಣ ಧರ್ಮಕೇಂದ್ರದ ತಂಡಗಳಿಗೆ ಇದಕ್ಕಿಂತ ಧೈರ್ಯ ಕೊಡುವ ಉದಾಹರಣೆ ಬೇಡ.

ತಪಸ್ಸುಕಾಲ

ವಸಂತದ ವಿಷುವದ ನಂತರದ ಹುಣ್ಣಿಮೆ ಕಳೆದ ಮೇಲೆ ಬರುವ ಭಾನುವಾರ ಪಾಸ್ಖ (ಈಸ್ಟರ್) ಹಬ್ಬ. ಹೀಗಾಗಿ ಅದು ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಓಡಾಡುತ್ತದೆ. ಅದಕ್ಕೆ 46 ದಿನ ಮುಂಚೆ ಬೂದಿ ಬುಧವಾರ. ತಪಸ್ಸುಕಾಲ ಆರಂಭವಾಗುವ ಅಂದಿನಿಂದ ಮಹಿಮಾ ಗೀತೆಯ ಜೊತೆಗೆ ಅಲ್ಲೆಲೂಯವೂ ನಿಲ್ಲುತ್ತದೆ. ಶುಭಸಂದೇಶಕ್ಕೆ ಮುನ್ನ ಬೇರೊಂದು ಘೋಷಣೆ ಹಾಡುತ್ತಾರೆ. ವಾದ್ಯಗಳು ಹಾಡಿಗೆ ಆಧಾರ ಕೊಡುವಷ್ಟಕ್ಕೇ ಇರಬೇಕು, ಬಿಡಿಯಾಗಿ ನುಡಿಸುವಂತಿಲ್ಲ ಎಂಬುದು ನಿಯಮ. ನಾಲ್ಕನೇ ಭಾನುವಾರಕ್ಕೂ ಮಹಾಹಬ್ಬಗಳಿಗೂ ಇದರಿಂದ ವಿನಾಯಿತಿಯುಂಟು.

ಶುಕ್ರವಾರಗಳಂದು ಶಿಲುಬೆ ಹಾದಿ. ಹದಿನಾಲ್ಕು ಸ್ಥಳಗಳಲ್ಲಿ ನಿಂತು, ಮೊಣಕಾಲೂರಿ, ಒಂದು ಸ್ಥಳದಿಂದ ಇನ್ನೊಂದಕ್ಕೆ ಸಾಗುವಾಗ ಒಂದೊಂದು ಚರಣ ಹಾಡುತ್ತಾರೆ. ಇದಕ್ಕೆ ಅಲಂಕಾರ ಬೇಡ, ಒಂದೇ ಗತಿ ಕಾಪಾಡುವ ತಾಳ್ಮೆ ಬೇಕು. ಇದೇ ಹೊತ್ತಿಗೆ ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಗಳೂ ಬರುತ್ತವೆ. ವರ್ಷದ ಅತಿ ಕಷ್ಟದ ಹಾಡುಗಳನ್ನು ಕಲಿಯಬೇಕಾದ ವಾರಗಳಲ್ಲೇ ಅರ್ಧ ತಂಡ ಪುಸ್ತಕದ ಮುಂದೆ ಕೂತಿರುತ್ತದೆ. ಅನುಭವಿ ನಾಯಕರು ಪವಿತ್ರ ವಾರದ ಹಾಡುಗಳನ್ನು ಜನವರಿಯಲ್ಲೇ ಶುರುಮಾಡುವುದು ಇದಕ್ಕಾಗಿಯೇ.

ಪವಿತ್ರ ವಾರ

ಗಾನವೃಂದದ ನಿಜವಾದ ಪರೀಕ್ಷೆ ಪಾಸ್ಖಕ್ಕೆ ಹಿಂದಿನ ವಾರ, ಗರಿಗಳ ಭಾನುವಾರ ಆರಂಭವಾಗುತ್ತದೆ. ಅಂದು ಗರಿ ಹಿಡಿದು ನಡೆಯುವ ಮೆರವಣಿಗೆಯಲ್ಲಿ ಮುಂದಿನವರ ಹಾಡು ಹಿಂದಿನವರಿಗೆ ತಡವಾಗಿ ಕೇಳಿಸಿ ತಾಳ ಎರಡಾಗುತ್ತದೆ. ಹಾಗಾಗಿ ಹಾಡುಗಾರರನ್ನು ಮುಂದೆ, ನಡುವೆ, ಹಿಂದೆ ಹಂಚಿ ನಿಲ್ಲಿಸುವುದು ಜಾಣತನ. ದೇವಾಲಯದೊಳಗೆ ಬಂದ ಮೇಲೆ 22ನೇ ಕೀರ್ತನೆ; ಜಯಘೋಷದ ಹಾಡು ಕೆಲವೇ ನಿಮಿಷಗಳಲ್ಲಿ ಪರಿತ್ಯಕ್ತನ ಮೊರೆಯಾಗಿ ಬದಲಾಗುತ್ತದೆ.

ಪವಿತ್ರ ಗುರುವಾರ ಸಂಜೆ ಮಹಿಮಾ ಗೀತೆ ಹಾಡುವಾಗ ಗಂಟೆಗಳೆಲ್ಲ ಮೊಳಗುತ್ತವೆ. ಅದು ಮುಗಿದರೆ ಪಾಸ್ಖ ಜಾಗರಣೆಯವರೆಗೆ ಗಂಟೆಯ ಸದ್ದಿಲ್ಲ. ಪಾದ ತೊಳೆಯುವ ವಿಧಿಗೆ ಸೇವೆಯ ಹಾಡುಗಳು. ಕೊನೆಗೆ ಪರಮಪ್ರಸಾದವನ್ನು ಮೆರವಣಿಗೆಯಲ್ಲಿ ಒಯ್ಯುವಾಗ 13ನೇ ಶತಮಾನದಲ್ಲಿ ಸಂತ ತೋಮಾಸ್ ಅಕ್ವಿನಾಸ್ ರಚಿಸಿದ ಸ್ತುತಿಗೀತೆ. ಶುಭ ಶುಕ್ರವಾರ ಬಲಿಪೂಜೆಯೇ ಇಲ್ಲ. ವಾದ್ಯ ಆಧಾರಕ್ಕೆ ಮಾತ್ರ ಎಂದು ನಿಯಮವಿದ್ದರೂ ಎಷ್ಟೋ ಧರ್ಮಕೇಂದ್ರಗಳು ಅಂದು ಕೀಬೋರ್ಡಿಗೆ ಬಟ್ಟೆ ಮುಚ್ಚಿಬಿಡುತ್ತವೆ. ಆಧಾರವಿಲ್ಲದ ಕಂಠಗಳು ಚರಣದಿಂದ ಚರಣಕ್ಕೆ ಶ್ರುತಿ ಇಳಿಯುತ್ತ ಹೋಗುತ್ತವೆ. ಜನ ಸಾಲಾಗಿ ಬಂದು ಶಿಲುಬೆಗೆ ಮುತ್ತಿಡುವ ಅಷ್ಟೂ ಹೊತ್ತು ಹಾಡು ನಿಲ್ಲದಂತೆ, ಶ್ರುತಿ ಕುಸಿಯದಂತೆ ನೋಡಿಕೊಳ್ಳುವುದು ಸುಲಭವಲ್ಲ.

ಶನಿವಾರ ರಾತ್ರಿಯ ಪಾಸ್ಖ ಜಾಗರಣೆ ವರ್ಷದ ಶಿಖರ. ಹೊರಗೆ ಹೊಸ ಬೆಂಕಿಯಿಂದ ಪಾಸ್ಖ ಮೇಣದ ಬತ್ತಿ ಹೊತ್ತಿಸಿ ಕತ್ತಲ ದೇವಾಲಯಕ್ಕೆ ತರುತ್ತಾರೆ. ಆ ಬೆಳಕಿನಲ್ಲಿ ಒಬ್ಬರೇ ನಿಂತು ಪಾಸ್ಖ ಘೋಷಣೆಯ ದೀರ್ಘ ಗೀತೆಯನ್ನು ಹಾಡಬೇಕು. ನಂತರ ಹಳೆಯ ಒಡಂಬಡಿಕೆಯ ಏಳು ವಾಚನಗಳಿವೆ, ಒಂದೊಂದಕ್ಕೂ ಒಂದು ಕೀರ್ತನೆ. ವಾಚನಗಳ ಸಂಖ್ಯೆ ಕಡಿಮೆ ಮಾಡಬಹುದಾದರೂ ಇಸ್ರಯೇಲರು ಕೆಂಪು ಸಮುದ್ರ ದಾಟಿದ ಕಥೆಯನ್ನು ಬಿಡುವಂತಿಲ್ಲ. ಅದಾದ ಮೇಲೆ ಮಹಿಮಾ ಗೀತೆ. ಗಂಟೆ, ವಾದ್ಯ, ದೀಪ ಎಲ್ಲವೂ ಒಮ್ಮೆಗೇ ಮರಳುತ್ತವೆ. ಶುಭಸಂದೇಶಕ್ಕೆ ಮುನ್ನ ಗುರುಗಳು ಅಲ್ಲೆಲೂಯವನ್ನು ಮೂರು ಸಲ, ಪ್ರತಿ ಸಲವೂ ಶ್ರುತಿ ಏರಿಸಿ ಹಾಡುತ್ತಾರೆ. ಸಭೆ ಅದನ್ನು ಅದೇ ಎತ್ತರದಲ್ಲಿ ಮರಳಿಸುತ್ತದೆ. ಬೂದಿ ಬುಧವಾರದಿಂದ ಬಾಯಿಗೆ ಬಾರದಿದ್ದ ಪದ ಅದು. ಆಮೇಲೆ ದೀಕ್ಷಾಸ್ನಾನದ ವಿಧಿಗೆ ಸಂತರ ಪ್ರಾರ್ಥನಾ ಮಾಲೆ.

ಪಾಸ್ಖದಿಂದ ತೇರಿನವರೆಗೆ

ಪಾಸ್ಖ ಕಾಲ ಐವತ್ತು ದಿನ. ಪೆಂತೆಕೋಸ್ತ್ ಹಬ್ಬದೊಂದಿಗೆ ಅದು ಮುಗಿಯುತ್ತದೆ. ತಪಸ್ಸುಕಾಲದಲ್ಲಿ ಸಾಮಾನ್ಯವಾಗಿ ಮದುವೆಗಳಿಲ್ಲದ್ದರಿಂದ ಏಪ್ರಿಲ್–ಮೇ ತಿಂಗಳಲ್ಲಿ ಅವು ಸಾಲುಗಟ್ಟುತ್ತವೆ. ವಧೂವರರ ಗೆಳೆಯರು ಸಿನಿಮಾ ಹಾಡು ಕೇಳುವುದುಂಟು. ಅದು ಮಂಟಪಕ್ಕೆ ಸರಿ, ಬಲಿಪೂಜೆಗಲ್ಲ ಎಂದು ನಯವಾಗಿ ಹೇಳುವುದೂ ತಂಡದ ಕೆಲಸವೇ.

ನಂತರ ಬರುವುದು ಸಾಧಾರಣ ಕಾಲ. ಕ್ರಿಸ್ಮಸ್ ನಂತರದ ವಾರಗಳೂ ಸೇರಿ ಇದು ವರ್ಷದ 33 ಅಥವಾ 34 ವಾರ. ಹೆಸರು ಸಾಧಾರಣವಾದರೂ ತಂಡ ಕಟ್ಟುವುದು ಈಗಲೇ. ಜೂನ್‌ನಲ್ಲಿ ಶಾಲೆ ಶುರುವಾದಾಗ ಹೊಸ ಮಕ್ಕಳು ಸೇರುತ್ತಾರೆ. ಬೆಂಗಳೂರಿಗೆ ಓದಲು, ದುಡಿಯಲು ಹೋದವರ ಜಾಗ ತುಂಬಬೇಕು. ತುಮಕೂರು, ಕುಣಿಗಲ್‌ಗಳಿಂದ ರಾಜಧಾನಿ ಹತ್ತಿರವಾದ್ದರಿಂದ ಕೆಲವರು ಶನಿವಾರ ಊರಿಗೆ ಬಂದು ಭಾನುವಾರ ಹಾಡಿ ಹಿಂತಿರುಗುತ್ತಾರೆ.

ಆಗಸ್ಟ್ 15 ಮಾತೆ ಮರಿಯಮ್ಮನವರ ಸ್ವರ್ಗಾರೋಹಣದ ಮಹಾಹಬ್ಬ. ಅದೇ ದಿನ ಧ್ವಜಾರೋಹಣವೂ ಇರುವುದರಿಂದ ಪೂಜೆಯ ಹಾಡು, ನಾಡಗೀತೆ, ರಾಷ್ಟ್ರಗೀತೆ ಮೂರೂ ಸಿದ್ಧವಿರಬೇಕು. ಸೆಪ್ಟೆಂಬರ್ 8 ಮರಿಯಮ್ಮನವರ ಜನನದ ಹಬ್ಬ. ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕದಲ್ಲಿ ಆಗಸ್ಟ್ ಕೊನೆಯಲ್ಲೇ ಧ್ವಜವೇರಿ, ನವದಿನ ಪ್ರಾರ್ಥನೆಗಳು ನಡೆದು, ಕೊನೆಯ ದಿನ ತೇರಿನೊಡನೆ ಹಬ್ಬ ಮುಗಿಯುತ್ತದೆ. ಸಣ್ಣ ಊರುಗಳಲ್ಲೂ ಪಾಲಕ ಸಂತರ ಹಬ್ಬಕ್ಕೆ ಇದೇ ಕ್ರಮ. ತೇರಿನ ಮುಂದೆ ಮೈಕು ಹಿಡಿದು ಜಪಸರದ ನಡುನಡುವೆ ಹಾಡುತ್ತ ಬೀದಿಬೀದಿ ಸುತ್ತುವಾಗ ಗಾನವೃಂದದ ಹಾಡು ಇಡೀ ಊರಿಗೆ ಕೇಳಿಸುತ್ತದೆ.

ವರ್ಷದ ಕೊನೆ

ನವೆಂಬರ್ 2 ಮೃತರ ಸ್ಮರಣೆಯ ದಿನ. ಸಮಾಧಿ ಭೂಮಿಯಲ್ಲಿ ಹೂವು, ಮೇಣದ ಬತ್ತಿಗಳ ನಡುವೆ ತಂಡ ಹಾಡುತ್ತದೆ. ಸಾವಿನ ಮನೆಯ ಹಾಡಿಗೆ ಮುಂಚಿತ ಅಭ್ಯಾಸ ಸಿಗುವುದಿಲ್ಲ. ಬೆಳಿಗ್ಗೆ ಸುದ್ದಿ ಬಂದರೆ ಮಧ್ಯಾಹ್ನ ಪೂಜೆ. ಆ ಹೊತ್ತಿಗೆ ಕೆಲಸ ಬಿಟ್ಟು ಬರುವ ನಾಲ್ಕೈದು ಜನರೇ ತಂಡದ ಬೆನ್ನೆಲುಬು. ದುಃಖದ ಮನೆಯವರು ಹಾಡಿನ ಕುಂದನ್ನು ಲೆಕ್ಕಿಸುವುದಿಲ್ಲ, ಬಂದವರನ್ನು ಮರೆಯುವುದಿಲ್ಲ.

ನವೆಂಬರ್ 22ರ ಸಂತ ಸಿಸಿಲಿಯಾಳ ಹಬ್ಬದ ಆಸುಪಾಸಿನಲ್ಲೇ ಕ್ರಿಸ್ತರಾಜರ ಹಬ್ಬ, ಅಂದರೆ ಆರಾಧನಾ ವರ್ಷದ ಕೊನೆಯ ಭಾನುವಾರ. ಎರಡನೇ ಜಾನ್ ಪಾಲ್ ಪೋಪರು ಆರಂಭಿಸಿ 1986ರಲ್ಲಿ ಮೊದಲು ಆಚರಿಸಿದ ವಿಶ್ವ ಯುವಜನ ದಿನವನ್ನು 2021ರಿಂದ ಧರ್ಮಕ್ಷೇತ್ರಗಳಲ್ಲಿ ಇದೇ ಭಾನುವಾರ ಆಚರಿಸುತ್ತಾರೆ. ಯುವಕರಿಗೆ ಮೀಸಲಾದ ಈ ದಿನ ತಂಡದ ಲೆಕ್ಕಪತ್ರ, ವಾದ್ಯಗಳ ದುರಸ್ತಿ, ಮುಂದಿನ ನಾಯಕನ ಆಯ್ಕೆಗೂ ತಕ್ಕದ್ದು.

ಈ ಕೊನೆಯ ಕೆಲಸವೇ ಮುಖ್ಯವಾದದ್ದು. ಯುವ ತಂಡದ ಆಯಸ್ಸು ಚಿಕ್ಕದು. ಓದು, ಉದ್ಯೋಗ, ಮದುವೆ ಎಂದು ಕೆಲವೇ ವರ್ಷಗಳಲ್ಲಿ ಎಲ್ಲರೂ ಚದುರುತ್ತಾರೆ. ಒಬ್ಬನೇ ಜಾಣ ಕೀಬೋರ್ಡ್ ವಾದಕನನ್ನು ನೆಚ್ಚಿದ ತಂಡ ಅವನು ಹೋದ ದಿನವೇ ನಿಲ್ಲುತ್ತದೆ. ಹಾಡುಗಳನ್ನು ಶ್ರುತಿಯ ಗುರುತಿನೊಡನೆ ಬರೆದಿಟ್ಟು, ಕಿರಿಯರಿಗೆ ಕೀರ್ತನೆ ಹಾಡಲು ಅವಕಾಶ ಕೊಟ್ಟು, ತಪ್ಪಿದಾಗ ತಾಳ್ಮೆಯಿಂದ ತಿದ್ದಿದ ತಂಡ ಉಳಿಯುತ್ತದೆ. ಹಾಡುವವರು ಬದಲಾದರೂ ಸಭೆಗೆ ಹಾಡು ಬಾಯಿಪಾಠವಾಗಿದ್ದರೆ ಆ ಧರ್ಮಕೇಂದ್ರದಲ್ಲಿ ಆರಾಧನೆ ಮೂಕವಾಗುವುದಿಲ್ಲ.