ಬೇಲಿಗೆ ಮೊದಲು ಹೆಜ್ಜೆ ನೋಡಿ

ನೆಟ್ಟ ಸಸಿಯ ಸುಳಿ ಹೋಗಿದೆ, ಅಲಸಂದೆ ಬಳ್ಳಿ ಬೋಳಾಗಿದೆ. 'ಕಾಡುಪ್ರಾಣಿ ಬಂತು' ಅಂದರೆ ಸಾಲದು. ಬಂದದ್ದು ಜಿಂಕೆಯೋ, ಕಡವೆಯೋ, ಕಾಡುಕುರಿಯೋ, ಹಂದಿಯೋ? ಇದು ಗೊತ್ತಾಗದೆ ಹಾಕಿದ ಬೇಲಿ ದುಡ್ಡು ದಂಡ. ಹಂದಿಗೆಂದು ಹಾಕಿದ ಮೂರಡಿ ಬೇಲಿಯನ್ನು ಜಿಂಕೆ ಸಲೀಸಾಗಿ ಹಾರುತ್ತದೆ. ಜಿಂಕೆಗೆಂದು ಕಟ್ಟಿದ ಎತ್ತರದ ಬಲೆಯ ಅಡಿಯಿಂದ ಹಂದಿ ನುಗ್ಗುತ್ತದೆ.

ಗುರುತು ಹುಡುಕಲು ಒಳ್ಳೆಯ ಕಾಲ ಮುಂಗಾರಿಗೆ ಮೊದಲು, ಒಂದೆರಡು ಅಡ್ಡಮಳೆ ಬಿದ್ದ ಮೇಲೆ. ಮಣ್ಣು ಮೆತ್ತಗಿರುತ್ತದೆ, ಹೆಜ್ಜೆ ಸ್ಪಷ್ಟವಾಗಿ ಮೂಡುತ್ತದೆ. ಬಿತ್ತನೆಗೂ ನಾಟಿಗೂ ಇನ್ನೂ ಸಮಯ ಇರುತ್ತದೆ.

ಹೆಜ್ಜೆ: ಜಿಂಕೆಯದು ಸುಮಾರು 2 ಇಂಚು ಉದ್ದ, ಮುಂದೆ ಚೂಪು. ಕಡವೆಯದು 3 ಇಂಚಿನ ಆಸುಪಾಸು. ಕಾಡುಕುರಿಯದು ಒಂದೂಕಾಲು ಇಂಚಿನಷ್ಟು ಪುಟ್ಟದು. ಹಂದಿಯ ಗೊರಸು ಅಗಲ, ತುದಿ ಮೊಂಡು. ಮೆತ್ತನೆ ಮಣ್ಣಲ್ಲಿ ಹಿಂದಿನ ಎರಡು ಪುಟ್ಟ ಗೊರಸುಗಳ ಗುರುತೂ ಇಕ್ಕೆಲಕ್ಕೆ ಬೀಳುತ್ತದೆ. ಮೇಕೆಯ ಹೆಜ್ಜೆಯನ್ನು ಜಿಂಕೆಯದೆಂದು ತಿಳಿಯುವುದುಂಟು. ಊರ ಮೇಕೆ ಆ ಕಡೆ ಮೇಯಲು ಬರುತ್ತದೆಯೇ ಎಂದು ಮೊದಲು ವಿಚಾರಿಸಿ.

ಕಡಿತ: ಜಿಂಕೆ ಜಾತಿಗೆ ಮುಂಭಾಗದಲ್ಲಿ ಮೇಲಿನ ಬಾಚಿಹಲ್ಲು ಇಲ್ಲ. ಹಾಗಾಗಿ ಎಲೆಯನ್ನು ಹಿಡಿದು ಎಳೆದು ಹರಿಯುತ್ತವೆ, ತುದಿ ಚಿಂದಿಯಾಗಿರುತ್ತದೆ. ಚಾಕುವಿನಲ್ಲಿ ಓರೆಯಾಗಿ ಕೊಯ್ದ ಹಾಗಿದ್ದರೆ ಮೊಲದ ಕೆಲಸ. ಬುಡವನ್ನೇ ಕೊರೆದಿದ್ದು, ಪಕ್ಕದಲ್ಲಿ ಮುಳ್ಳು ಬಿದ್ದಿದ್ದರೆ ಮುಳ್ಳುಹಂದಿ. ನೆಲ ಉತ್ತ ಹಾಗೆ ಕೆದರಿದ್ದರೆ ಹಂದಿ. ಎಷ್ಟು ಎತ್ತರದ ಸೊಪ್ಪು ಹೋಗಿದೆ ಅನ್ನುವುದನ್ನೂ ನೋಡಿ. ಮೊಣಕಾಲ ಮಟ್ಟದ ಕೆಳಗೇ ಆದರೆ ಕಾಡುಕುರಿಯ ಸಂಶಯ, ಎದೆಯೆತ್ತರಕ್ಕೂ ಮೇಲಾದರೆ ಕಡವೆಯದು.

ಹಿಕ್ಕೆ, ಮರ, ತಂತಿ: ಜಿಂಕೆಯ ಹಿಕ್ಕೆ ಗುಂಡು ಗುಂಡಾಗಿ ರಾಶಿ ಬಿದ್ದಿರುತ್ತದೆ. ಹೊಳಪು, ಪಸೆ ಇದ್ದರೆ ಹೊಸತು. ಎಳೆ ಮರದ ತೊಗಟೆ ಸುಲಿದು ಒಂದೇ ಎತ್ತರದಲ್ಲಿ ಉಜ್ಜಿದ್ದರೆ ಗಂಡು ಕೊಂಬು ತಿಕ್ಕಿದ ಜಾಗ. ಬೇಲಿ ತಂತಿಗೆ ಕೆಸರು, ಬಿರುಸು ರೋಮ ಹತ್ತಿದ್ದರೆ ಹಂದಿ ತೂರಿದ ಕಂಡಿ.

ಇನ್ನೂ ಅನುಮಾನವೇ? ಕಂಡಿಯ ಒಳಬದಿ ಮೂರಡಿ ಅಗಲ ಮಣ್ಣು ಹುಡಿ ಮಾಡಿ, ಸಂಜೆ ಹಿಡಿಸೂಡಿಯಿಂದ ನಯ ಮಾಡಿಡಿ. ಬೆಳಗ್ಗೆ ದನ ಬಿಡುವ ಮೊದಲು ನೋಡಿ. ನಾಲ್ಕೈದು ದಿನ ಹೀಗೆ ಮಾಡಿದರೆ ಯಾವ ಪ್ರಾಣಿ, ಎಷ್ಟು ಸಲ, ಯಾವ ದಾರಿ ಅನ್ನುವುದು ತಿಳಿದೀತು. ಹೆಜ್ಜೆಯ ಪಕ್ಕ ಬೆಂಕಿಪೆಟ್ಟಿಗೆ ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಪರಿಹಾರಕ್ಕೆ ಅರ್ಜಿ ಹಾಕುವುದಾದರೆ ಇದು ಉಪಯೋಗಕ್ಕೆ ಬರುತ್ತದೆ.

ಇನ್ನು ಬೇಲಿ. ಜಿಂಕೆ, ಕಡವೆಗೆ 7-8 ಅಡಿ ಎತ್ತರ ಬೇಕು. ಇಡೀ ಜಮೀನಿಗೆ ಇದು ದುಬಾರಿ. ಸಸಿ ಕಡಿಮೆ ಇದ್ದರೆ ಒಂದೊಂದಕ್ಕೂ ಬಲೆಯ ಗೂಡು ಕಟ್ಟುವುದೇ ಅಗ್ಗ. ಕಾಡುಕುರಿಗೆ ಎತ್ತರಕ್ಕಿಂತ ಬುಡದ ಸಂದು ಮುಚ್ಚುವುದು ಮುಖ್ಯ. ಹಂದಿಗೆ ಕೆಳಗಿನ ಎರಡಡಿ ಗಟ್ಟಿ ಇರಬೇಕು.

ಉರುಳು, ಕೋವಿಯ ಯೋಚನೆ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ, ಕಡವೆ ಬೇಟೆ ಅಪರಾಧ. ಲೈನಿನ ಕರೆಂಟನ್ನು ನೇರ ತಂತಿಗೆ ಕೊಡುವುದಂತೂ ಮನೆಯವರ ಜೀವಕ್ಕೇ ಕುತ್ತು. ಬೇಲಿ ಸಾಮಾನಿಗೆ ಪೇಟೆಗೆ ಹೋಗುವ ಮೊದಲು ಒಂದು ವಾರ ಅಂಚಿನ ಸುತ್ತ ನಡೆಯಿರಿ. ಖರ್ಚಿಲ್ಲದ ಕೆಲಸ ಅದು.