ಕಾರಿನೂರಿನ ಅಡಿಯಲ್ಲಿ ಉಪ್ಪಿನ ಗಣಿ

ಅಮೆರಿಕದ ಡೆಟ್ರಾಯಿಟ್ ಪಕ್ಕದ ಡಿಯರ್‌ಬಾರ್ನ್ ಫೋರ್ಡ್ ಕಂಪನಿಯ ತವರು. ಅಲ್ಲಿನ ಗ್ಯಾರೇಜೊಂದಕ್ಕೆ ಗೆಳೆಯರ ಮಗನ ಜೊತೆ ಹೋಗಿದ್ದೆ. ಲಿಫ್ಟಿನ ಮೇಲೇರಿದ್ದ ಅವನ ಹಳೆಯ ಕಾರಿನ ಬಣ್ಣ ಮದುವೆಗೆ ಹೊರಟವರ ಉಡುಪಿನಂತೆ ಹೊಳೆಯುತ್ತಿತ್ತು. ಕೆಳಗೆ ನಿಂತು ತಲೆ ಎತ್ತಿದರೆ, ತುಕ್ಕು ತಡೆಯಲು ಬಳಿದ ಕಪ್ಪು ರಬ್ಬರ್ ಲೇಪ ಅಲ್ಲಲ್ಲಿ ಉಬ್ಬಿತ್ತು. ಮೆಕ್ಯಾನಿಕ್ ಸ್ಕ್ರೂಡ್ರೈವರಿನಿಂದ ಕೆದಕಿದರು. ಲೇಪದ ಜೊತೆ ತಗಡೂ ಪುಡಿಯಾಗಿ ಉದುರಿತು!

ಈ ದಪ್ಪ ಲೇಪದ ಮೇಲೆ ನನಗೆ ಅಂದೇ ನಂಬಿಕೆ ಹೋಯಿತು. ಸಣ್ಣ ಬಿರುಕು ಬಿಟ್ಟರೂ ಸಾಕು, ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪಿನ ನೀರು ಒಳಸೇರಿ ಅಲ್ಲೇ ಉಳಿಯುತ್ತದೆ. ಮೆಕ್ಯಾನಿಕ್ ನೆಚ್ಚಿಕೊಂಡಿದ್ದು ಎಣ್ಣೆಯನ್ನು. ಬಾಗಿಲುಗಳ ಒಳಗೆ, ಚಾಸಿಯ ಟೊಳ್ಳುಗಳಿಗೆ ಉದ್ದನೆಯ ನಳಿಕೆ ತೂರಿಸಿ ತೆಳು ಎಣ್ಣೆ ಸಿಂಪಡಿಸಿದರು. ಅದು ಬೆಸುಗೆಯ ಸಂದುಗಳಿಗೆಲ್ಲ ಹರಿದು ತೇವ ತಾಗದಂತೆ ಕಾಯುತ್ತದೆ. ಒಂದೆರಡು ದಿನ ತೊಟ್ಟಿಕ್ಕುತ್ತದೆ, ವರ್ಷಕ್ಕೊಮ್ಮೆ ಮತ್ತೆ ಹೊಡೆಸಬೇಕು. ಆದರೂ ನನ್ನ ಮತ ಎಣ್ಣೆಗೇ.

ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುವ ಪ್ರಯೋಗ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ನಡೆದದ್ದು 1938ರಲ್ಲಿ. ಮಹಾಯುದ್ಧದ ನಂತರ ಅದೇ ರೂಢಿಯಾಯಿತು. ತುಕ್ಕು ತಡೆಯಲು ಕಾರು ಕಂಪನಿಗಳು ತಗಡಿಗೆ ಸತು ಲೇಪಿಸಲು ಕಲಿತವು. 1986ರಲ್ಲಿ ಬಂದ ಆಡಿ 80 ಕಾರಿನ ಇಡೀ ಬಾಡಿಗೆ ಸತುವಿನ ರಕ್ಷಣೆಯಿತ್ತು. ಹಾಗಿದ್ದೂ ಬ್ರೇಕ್ ಪೈಪುಗಳಿಗೆ, ಚಾಸಿಗೆ ತುಕ್ಕಿನ ಕಾಟ ತಪ್ಪಿಲ್ಲ.

ಮಾತಿನ ನಡುವೆ ಮೆಕ್ಯಾನಿಕ್ ಕಾಲಡಿಯ ನೆಲ ತೋರಿಸಿ, ರಸ್ತೆಗೆ ಸುರಿಯುವ ಉಪ್ಪು ಈ ಊರಿನ ಕೆಳಗೇ ಇದೆ ಎಂದರು. ಅಂದಿನಿಂದ ಆ ಗಣಿ ನನ್ನ ತಲೆಯಿಂದ ಇಳಿದಿಲ್ಲ. ಸುಮಾರು 350 ಮೀಟರ್ ಆಳದಲ್ಲಿ, ಕೋಟ್ಯಂತರ ವರ್ಷಗಳ ಹಿಂದೆ ಬತ್ತಿದ ಕಡಲಿನ ಉಪ್ಪು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ತೋಡಿದ ಬಾವಿಯಿಂದ ಶುರುವಾದ ಸುರಂಗದ ದಾರಿಗಳು ಇಂದು 160 ಕಿಲೋಮೀಟರ್ ದಾಟಿವೆ. ಇಳಿಯುವ ಬಾವಿ ಕಿರಿದು. ಹಾಗಾಗಿ ಲಾರಿ, ಲೋಡರುಗಳನ್ನು ಬಿಡಿಬಿಡಿಯಾಗಿ ಕಳಚಿ ಇಳಿಸಿ, ಕೆಳಗೆ ಮತ್ತೆ ಜೋಡಿಸುತ್ತಾರೆ. ಕಾರು ಕಟ್ಟುವ ಊರಿನ ಪಾತಾಳದಲ್ಲೂ ವಾಹನ ಕಟ್ಟುವ ಕೆಲಸ!

ಉಪ್ಪು ಒಂದೇ ಕಬ್ಬಿಣವನ್ನು ತಿನ್ನುವುದಿಲ್ಲ, ಜೊತೆಗೆ ನೀರು, ಗಾಳಿ ಬೇಕು. ಉಪ್ಪು ಮೆತ್ತಿದ ಕಾರನ್ನು ತೊಳೆಯದೆ ಬೆಚ್ಚಗಿನ ಗ್ಯಾರೇಜಿನಲ್ಲಿ ನಿಲ್ಲಿಸಿದರೆ ಹಿಮ ಕರಗಿ ತುಕ್ಕು ಇನ್ನೂ ಬೇಗ ಹಬ್ಬುತ್ತದೆ. ನಿಮ್ಮ ಮಕ್ಕಳು ಡೆಟ್ರಾಯಿಟ್, ಷಿಕಾಗೊ ಕಡೆ ಇದ್ದರೆ ಈ ವಾರದ ಫೋನಿನಲ್ಲೇ ಹೇಳಿ: ಮೊದಲ ಹಿಮ ಬೀಳುವ ಮುನ್ನ ಎಣ್ಣೆ ಹೊಡೆಸಲಿ, ಚಳಿಗಾಲವಿಡೀ ಕಾರಿನ ಅಡಿಭಾಗವನ್ನು ಆಗಾಗ ತೊಳೆಸಲಿ, ಬಾಗಿಲುಗಳ ಕೆಳಗಿನ ನೀರು ಇಳಿಯುವ ತೂತುಗಳು ಕಟ್ಟಿಕೊಳ್ಳದಂತೆ ನೋಡಿಕೊಳ್ಳಲಿ. ತೂತು ಬಿದ್ದ ಬ್ರೇಕ್ ಪೈಪು ಜೀವಕ್ಕೇ ಅಪಾಯ.