ಮನೆಯೊಳಗಣ ವಿದ್ಯುತ್ತಿನ ಲೆಕ್ಕ

ತಿಂಗಳ ವಿದ್ಯುತ್ ಬಿಲ್ಲು ಕೈಗೆ ಬಂದೊಡನೆ ಗೃಹಸ್ಥರು ಮೊದಲು ನೋಡುವುದು ರೂಪಾಯಿಯ ಅಂಕಿಯನ್ನು. ಅದು ಕಳೆದ ತಿಂಗಳಿಗಿಂತ ಹೆಚ್ಚಿದ್ದಲ್ಲಿ, ಪಡಸಾಲೆಯ ದೀಪವನ್ನು ಆರಿಸದೆ ಹೋದ ಹುಡುಗನೇ ಮೊದಲು ಬೈಗುಳಕ್ಕೆ ಗುರಿಯಾಗುತ್ತಾನೆ. ಅದೇ ಹುಡುಗನು ಅದೇ ಮನೆಯ ಮೂಲೆಯಲ್ಲಿ ಕುಳಿತು, ವಿದ್ಯುತ್ ಸಾಮರ್ಥ್ಯವೆಂದರೆ ವಿಭವಾಂತರ ಮತ್ತು ಪ್ರವಾಹಗಳ ಗುಣಲಬ್ಧವೆಂದು ಹತ್ತನೆಯ ತರಗತಿಯ ಪರೀಕ್ಷೆಗಾಗಿ ಉರು ಹಾಕುತ್ತಿರುತ್ತಾನೆ. ತಂದೆಯ ಬಿಲ್ಲಿಗೂ ಮಗನ ಸೂತ್ರಕ್ಕೂ ನಂಟುಂಟೆಂದು ಇಬ್ಬರಿಗೂ ತೋರುವುದಿಲ್ಲ. ಬಹುಕಾಲ ಮಕ್ಕಳಿಗೆ ಪಾಠ ಹೇಳಿದ ನಮಗೆ ಇದು ದೊಡ್ಡ ಕೊರತೆಯಾಗಿ ಕಂಡಿದೆ. ಆದುದರಿಂದ ಇವೆರಡನ್ನೂ ಒಂದೆಡೆ ಕೂಡಿಸಿ ವಾಚಕರ ಮುಂದಿಡಲು ಬಯಸುತ್ತೇವೆ.

ವಿದ್ಯುತ್ ಎಂಬ ಶಬ್ದವು ‘ವಿ’ ಎಂಬ ಉಪಸರ್ಗವು ‘ದ್ಯುತ್’ ಧಾತುವಿಗೆ ಸೇರಿ ಆದದ್ದು. ವಿಶೇಷವಾಗಿ ಹೊಳೆಯುವಂಥದು ಎಂದು ಅದರ ಅರ್ಥ. ಮಿಂಚಿಗಿದ್ದ ಹೆಸರೇ ತಂತಿಯಲ್ಲಿ ಹರಿಯುವ ಶಕ್ತಿಗೂ ಬಂದಿತು. ಹೆಸರಿನ ಪ್ರಭಾವವೋ ಏನೋ, ವಿದ್ಯುತ್ತೆಂದರೆ ದೀಪ, ವಿದ್ಯುತ್ತಿನ ವೆಚ್ಚವೆಂದರೆ ದೀಪದ ವೆಚ್ಚ ಎಂಬ ಭಾವನೆಯು ಜನರಲ್ಲಿ ಬೇರೂರಿದೆ. ನಮ್ಮ ನಾಡಿನ ಚರಿತ್ರೆಯಾದರೋ ಬೇರೆಯೇ ಇದೆ. ೧೯೦೨ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಹುಟ್ಟಿದ ವಿದ್ಯುತ್ತು ತೊಂಬತ್ತು ಮೈಲಿಗಳಷ್ಟು ದೂರ ಸಾಗಿ ಕೋಲಾರದ ಚಿನ್ನದ ಗಣಿಗಳ ಯಂತ್ರಗಳನ್ನು ನಡೆಸಿತು. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು ಮೂರು ವರ್ಷಗಳ ತರುವಾಯ, ೧೯೦೫ರಲ್ಲಿ. ಮೊದಲು ದುಡಿಮೆ, ಆಮೇಲೆ ಬೆಳಕು ಎಂಬುದೇ ಇಲ್ಲಿಯ ಕ್ರಮವಾಯಿತು. ಇಂದಿನ ಮನೆಯ ಲೆಕ್ಕದಲ್ಲಿಯೂ ಬೆಳಕಿನ ಪಾಲು ಅತ್ಯಲ್ಪವೆಂಬುದನ್ನು ಮುಂದೆ ಕಾಣಬಹುದು.

ಮೊದಲಿಗೆ ಎರಡು ಮಾತುಗಳ ಭೇದವನ್ನು ಮನದಟ್ಟು ಮಾಡಿಕೊಳ್ಳತಕ್ಕದ್ದು. ಉಪಕರಣದ ಮೇಲೆ ಬರೆದಿರುವ ‘ವಾಟ್’ ಎಂಬುದು ಸಾಮರ್ಥ್ಯ. ಬಿಲ್ಲಿನಲ್ಲಿರುವ ‘ಯೂನಿಟ್’ ಎಂಬುದು ಶಕ್ತಿ. ನಲ್ಲಿಯಿಂದ ನೀರು ಎಷ್ಟು ರಭಸದಿಂದ ಬೀಳುತ್ತದೆಂಬುದು ಒಂದು ಮಾತು; ಹಂಡೆಯಲ್ಲಿ ಎಷ್ಟು ನೀರು ನಿಂತಿತೆಂಬುದು ಇನ್ನೊಂದು. ದೊಡ್ಡ ನಲ್ಲಿಯನ್ನು ಕ್ಷಣಕಾಲ ತಿರುಗಿಸಿದರೆ ಚೊಂಬೂ ತುಂಬದು. ಸಣ್ಣ ನಲ್ಲಿಯನ್ನು ರಾತ್ರಿಯೆಲ್ಲ ಬಿಟ್ಟರೆ ತೊಟ್ಟಿಯೇ ತುಂಬೀತು. ಹಾಗೆಯೇ ವಾಟನ್ನು ಕಾಲದಿಂದ ಗುಣಿಸಿದರೆ ಶಕ್ತಿಯು ದೊರೆಯುತ್ತದೆ. ಸೆಕೆಂಡಿಗೆ ಒಂದು ಜೂಲ್ ಎಂದರೆ ಒಂದು ವಾಟ್. ಸಾವಿರ ವಾಟಿನ ಉಪಕರಣವು ಒಂದು ಗಂಟೆ ನಡೆದರೆ ಒಂದು ಯೂನಿಟ್. ಅದು ೩೬ ಲಕ್ಷ ಜೂಲುಗಳಿಗೆ ಸಮ.

ಈ ೩೬ ಲಕ್ಷವು ಎಷ್ಟೆಂಬುದು ಬರಿಯ ಅಂಕಿಯಿಂದ ತಿಳಿಯಲಾರದು. ಹತ್ತು ಮೀಟರು ಆಳದ ಬಾವಿಯಿಂದ ಹದಿನೈದು ಕಿಲೋ ತೂಗುವ ಒಂದು ಕೊಡ ನೀರನ್ನು ಸೇದಬೇಕೆನ್ನೋಣ. ತೂಕವನ್ನು ೯.೮ರಿಂದಲೂ ಆಳದಿಂದಲೂ ಗುಣಿಸಿದರೆ ೧೪೭೦ ಜೂಲ್ ಬರುತ್ತದೆ. ಹಾಗಾದರೆ ಒಂದು ಯೂನಿಟ್ಟಿನಲ್ಲಿ ಅಂಥ ೨೪೦೦ಕ್ಕೂ ಹೆಚ್ಚು ಕೊಡಗಳನ್ನು ಸೇದುವಷ್ಟು ಶಕ್ತಿ ಅಡಗಿದೆ. ಹಗ್ಗ ಹಿಡಿದು ನೀರು ಸೇದಿದ ತಾಯಂದಿರ ಅಂಗೈಗೆ ಈ ಲೆಕ್ಕವು ನಮಗಿಂತ ಚೆನ್ನಾಗಿ ಅರ್ಥವಾದೀತು.

ಈಗ ಅದೇ ಕೊಡದ ನೀರನ್ನು ಸ್ನಾನಕ್ಕೆ ಕಾಯಿಸೋಣ. ಒಂದು ಕಿಲೋ ನೀರಿನ ತಾಪವನ್ನು ಒಂದು ಡಿಗ್ರಿ ಏರಿಸಲು ಸುಮಾರು ೪೨೦೦ ಜೂಲ್ ಬೇಕು. ಹದಿನೈದು ಕಿಲೋ ನೀರನ್ನು ೨೫ರಿಂದ ೫೫ ಡಿಗ್ರಿಗೆ ಏರಿಸಬೇಕಾದರೆ ೧೫ನ್ನು ೩೦ರಿಂದಲೂ ೪೨೦೦ರಿಂದಲೂ ಗುಣಿಸತಕ್ಕದ್ದು. ೧೮ ಲಕ್ಷ ೯೦ ಸಾವಿರ ಜೂಲ್, ಎಂದರೆ ಅರ್ಧ ಯೂನಿಟ್ಟಿಗಿಂತ ತುಸು ಹೆಚ್ಚು. ಬಾವಿಯಿಂದ ಮೇಲೆತ್ತಲು ಬೇಕಾದುದರ ಸುಮಾರು ೧೨೮೦ ಪಟ್ಟು ಶಕ್ತಿಯು ಕಾಯಿಸಲು ಬೇಕಾಯಿತು! ಬಚ್ಚಲ ಒಲೆಗೆ ಸೌದೆಯೊಟ್ಟಿದ ಹಿರಿಯರಿಗೆ ಇದು ಹೊಸ ಸಂಗತಿಯಲ್ಲ. ದೀಪಕ್ಕೆ ಒಂದು ಬಟ್ಟಲು ಎಣ್ಣೆ ಸಾಕಾಗುತ್ತಿದ್ದ ಮನೆಯಲ್ಲಿ ನೀರೊಲೆಯು ಹೊರೆಗಟ್ಟಲೆ ಸೌದೆಯನ್ನು ನುಂಗುತ್ತಿತ್ತು.

ಇನ್ನು ಪಡಸಾಲೆಯ ದೀಪದ ವಿಚಾರ. ಹಿಂದಿನ ೬೦ ವಾಟಿನ ಬಲ್ಬು ಕೊಡುತ್ತಿದ್ದ ಬೆಳಕನ್ನು ಇಂದಿನ ಎಲ್‌ಇಡಿ ದೀಪವು ೯ ವಾಟಿನಲ್ಲಿಯೇ ಕೊಡುತ್ತದೆ. ದಿನಕ್ಕೆ ಐದು ಗಂಟೆಯಂತೆ ತಿಂಗಳೆಲ್ಲ ಉರಿದರೂ ಅದರ ವೆಚ್ಚ ೧.೩೫ ಯೂನಿಟ್. ದಿನಕ್ಕೆ ಎರಡು ಬಾರಿ ಮೇಲೆ ಹೇಳಿದಷ್ಟು ನೀರನ್ನು ಗೀಸರಿನಲ್ಲಿ ಕಾಯಿಸುವ ಮನೆಗೆ ತಿಂಗಳಿಗೆ ೩೧ ಯೂನಿಟ್ಟಿಗೂ ಹೆಚ್ಚು ಬೇಕು. ಹುಡುಗನು ಮರೆತ ದೀಪವು ಎರಡು ಹಗಲು ಎರಡು ರಾತ್ರಿ ಎಡೆಬಿಡದೆ ಉರಿದರೂ ಒಮ್ಮೆ ನೀರು ಕಾಯಿಸಿದಷ್ಟು ವೆಚ್ಚವಾಗದು. ದೀಪವನ್ನು ಆರಿಸುವುದು ಒಳ್ಳೆಯ ಅಭ್ಯಾಸವೇ ಸರಿ. ಆದರೆ ಬೈಗುಳವು ಬಚ್ಚಲಿನ ಸ್ವಿಚ್ಚಿಗೂ ಸಲ್ಲಬೇಕು. ೨೦೨೩ರಲ್ಲಿ ಕರ್ನಾಟಕದಲ್ಲಿ ಗೃಹಜ್ಯೋತಿ ಯೋಜನೆಯು ತಿಂಗಳಿಗೆ ೨೦೦ ಯೂನಿಟ್ಟಿನ ಮೇರೆಯೊಡನೆ ಬಂದಾಗ ಯೂನಿಟ್ಟಿನ ಮಾತು ಮನೆಮನೆಯಲ್ಲಿಯೂ ಕೇಳಿಬಂದಿತು. ಮೇರೆಯೊಳಗೆ ನಿಲ್ಲಬಯಸುವವರು ಎಲ್ಲಿ ಕೈ ಬಿಗಿಹಿಡಿಯಬೇಕೆಂಬುದನ್ನು ಇದರಿಂದ ಅರಿಯಬಹುದು.

ಸದ್ದಿನಿಂದಲೂ ವೆಚ್ಚವನ್ನು ಅಳೆಯಲಾಗದು. ೭೫೦ ವಾಟಿನ ಮಿಕ್ಸಿಯು ಮನೆಯೆಲ್ಲ ಮೊಳಗುವಂತೆ ಗರ್ಜಿಸಿದರೂ, ದಿನಕ್ಕೆ ಹತ್ತು ನಿಮಿಷವಷ್ಟೇ ನಡೆಯುವುದರಿಂದ ತಿಂಗಳಿಗೆ ೩.೭೫ ಯೂನಿಟ್ಟಿಗೆ ಮಿಕ್ಕದು. ಮೆಲ್ಲಗೆ ತಿರುಗುವ ೭೫ ವಾಟಿನ ಹಳೆಯ ಫ್ಯಾನು ದಿನಕ್ಕೆ ಹನ್ನೆರಡು ಗಂಟೆಯಂತೆ ೨೭ ಯೂನಿಟ್ಟನ್ನು ಸದ್ದಿಲ್ಲದೆ ಸೆಳೆಯುತ್ತದೆ. ೩೦ ವಾಟಿನ ಹೊಸ ಬಗೆಯ ಫ್ಯಾನಾದರೆ ೧೦.೮ ಯೂನಿಟ್ ಸಾಕು. ಫ್ರಿಜ್ಜಿಗೆ ಮಾತ್ರ ವಾಟನ್ನು ಇಪ್ಪತ್ತನಾಲ್ಕು ಗಂಟೆಯಿಂದ ಗುಣಿಸಲಾಗದು. ಅದರ ಯಂತ್ರವು ತಣಿದಾಗ ನಿಂತು, ಬಿಸಿಯೇರಿದಾಗ ಮತ್ತೆ ಹೊರಡುತ್ತದೆ. ಅದರ ನಕ್ಷತ್ರದ ಚೀಟಿಯಲ್ಲಿ ವರ್ಷದ ಯೂನಿಟ್ಟನ್ನೇ ಮುದ್ರಿಸಿರುತ್ತಾರೆ; ಹನ್ನೆರಡರಿಂದ ಭಾಗಿಸಿದರೆ ತಿಂಗಳ ಅಂದಾಜು ದೊರೆಯುತ್ತದೆ.

ಬೇಸಗೆಯಲ್ಲಿ ವೋಲ್ಟೇಜು ಕುಗ್ಗಿದಾಗ ಗೀಸರಿನ ನೀರು ಬೇಗ ಕಾಯದೆಂದು ಹಲವರು ದೂರುವುದುಂಟು. ಇದಕ್ಕೆ ಉತ್ತರವು ಜರ್ಮನಿಯ ಕಲೋನ್ ನಗರದ ಶಾಲೆಯಲ್ಲಿ ಪಾಠ ಹೇಳಿದ ಜಾರ್ಜ್ ಓಮ್ ಎಂಬ ಉಪಾಧ್ಯಾಯರು ೧೮೨೭ರಲ್ಲಿ ಪ್ರಕಟಿಸಿದ ನಿಯಮದಲ್ಲಿದೆ. ೨೩೦ ವೋಲ್ಟಿನಲ್ಲಿ ೨೦೦೦ ವಾಟ್ ಕೊಡುವ ಗೀಸರಿನ ರೋಧವು, ೨೩೦ರ ವರ್ಗವನ್ನು ೨೦೦೦ದಿಂದ ಭಾಗಿಸಿದಾಗ, ಸುಮಾರು ೨೬.೫ ಓಮ್. ವೋಲ್ಟೇಜು ೧೮೦ಕ್ಕೆ ಇಳಿದರೆ ೧೮೦ರ ವರ್ಗವನ್ನು ಇದರಿಂದ ಭಾಗಿಸತಕ್ಕದ್ದು. ಸಾಮರ್ಥ್ಯವು ೧೨೨೦ ವಾಟಿನ ಆಸುಪಾಸಿಗೆ ಕುಗ್ಗುತ್ತದೆ. ಹದಿನಾರು ನಿಮಿಷದಲ್ಲಿ ಕಾಯುತ್ತಿದ್ದ ನೀರಿಗೆ ಇಪ್ಪತ್ತಾರು ನಿಮಿಷ ಬೇಕಾಗುತ್ತದೆ. ನೀರು ಬೇಡುವ ಶಕ್ತಿಯಾದರೋ ಮೊದಲಿನಷ್ಟೇ. ಹೆಚ್ಚುವುದು ಕಾಯುವ ಹೊತ್ತು.

ಇಲ್ಲಿಯವರೆಗೆ ಹೇಳಿದ್ದು ಹಣದ ಲೆಕ್ಕ. ಮುಂದಿನದು ಪ್ರಾಣದ ಲೆಕ್ಕ. ೨೦೦೦ ವಾಟನ್ನು ೨೩೦ರಿಂದ ಭಾಗಿಸಿದರೆ ಪ್ರವಾಹವು ೮.೭ ಆಂಪಿಯರ್. ಗೋಡೆಯ ಸಣ್ಣ ಸಾಕೆಟ್ಟು ೬ ಆಂಪಿಯರಿನದು, ದೊಡ್ಡದು ೧೬ ಆಂಪಿಯರಿನದು. ಸಣ್ಣದರಲ್ಲಿ ಇಂಥ ಉಪಕರಣವನ್ನು ಹೇಗಾದರೂ ಸಿಕ್ಕಿಸಿಬಿಡುವ ಜಾಣತನವನ್ನು ನಾವು ಅನೇಕ ಮನೆಗಳಲ್ಲಿ ಕಂಡಿದ್ದೇವೆ. ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆಂದು ಮ್ಯಾಂಚೆಸ್ಟರಿನ ಜೇಮ್ಸ್ ಜೂಲರು ೧೮೪೧ರಲ್ಲಿಯೇ ತೋರಿಸಿಕೊಟ್ಟರು. ಪ್ರವಾಹವು ಇಮ್ಮಡಿಯಾದರೆ ಶಾಖವು ನಾಲ್ಮಡಿ. ೬ ಆಂಪಿಯರಿಗೆ ತಕ್ಕ ತಂತಿಯಲ್ಲಿ ೮.೭ ಹರಿದರೆ ಶಾಖವು ಎರಡು ಪಟ್ಟಿಗೂ ಮೀರುತ್ತದೆ. ತಂತಿಯ ಹೊದಿಕೆಯು ಕರಗಿ ಬೆಂಕಿ ಹತ್ತಲು ಅದು ದಾರಿಯಾಗುತ್ತದೆ. ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಇಸ್ತ್ರಿ ಪೆಟ್ಟಿಗೆಯನ್ನೂ ಹೀಟರನ್ನೂ ಜೋಡಿಸುವವರು ಎರಡರ ವಾಟನ್ನೂ ಕೂಡಿಸಿ ೨೩೦ರಿಂದ ಭಾಗಿಸಿ ನೋಡಲಿ. ಫ್ಯೂಸು ಪದೇ ಪದೇ ಸುಡುತ್ತದೆಂದು ದಪ್ಪ ತಂತಿ ಕಟ್ಟುವುದಂತೂ ಕಾವಲುಗಾರನ ಕಣ್ಣು ಕಟ್ಟಿದಂತೆಯೇ. ಪರೀಕ್ಷೆಯಲ್ಲಿ ಈ ಲೆಕ್ಕ ತಪ್ಪಿದರೆ ಎರಡು ಅಂಕ ಹೋದಾವು. ಮನೆಯಲ್ಲಿ ತಪ್ಪಿದರೆ ಮನೆಯೇ ಹೋದೀತು.

ಮಕ್ಕಳಿಗೆ ಇದನ್ನೆಲ್ಲ ಕಲಿಸಲು ಪ್ರಯೋಗಶಾಲೆಯೇ ಬೇಕೆಂದಿಲ್ಲ. ಬಾಗಿಲ ಬಳಿಯ ಮೀಟರೇ ಸಾಕು. ಈಚಿನ ಮೀಟರುಗಳಲ್ಲಿ ಕೆಂಪು ದೀಪವೊಂದು ಮಿನುಗುತ್ತಿರುತ್ತದೆ. ಯೂನಿಟ್ಟಿಗೆ ಎಷ್ಟು ಮಿನುಗೆಂಬುದನ್ನು ಅದರ ಮುಖದ ಮೇಲೆಯೇ ಬರೆದಿರುತ್ತಾರೆ. ಅದು ೩೨೦೦ ಎಂದಿಟ್ಟುಕೊಳ್ಳೋಣ. ಹಿರಿಯರು ಜೊತೆಗಿದ್ದು, ಫ್ಯಾನೊಂದನ್ನು ಬಿಟ್ಟು ಉಳಿದೆಲ್ಲವನ್ನೂ ನಿಲ್ಲಿಸಿ, ಮೂರು ನಿಮಿಷಗಳ ಮಿನುಗನ್ನು ಮಗುವಿನಿಂದ ಎಣಿಸಲಿ. ಹನ್ನೆರಡು ಬಂದರೆ, ಮೂರು ನಿಮಿಷವು ಗಂಟೆಯ ಇಪ್ಪತ್ತರಲ್ಲೊಂದು ಭಾಗವಾದುದರಿಂದ, ಗಂಟೆಗೆ ೨೪೦ ಮಿನುಗಾಯಿತು. ೨೪೦ನ್ನು ೩೨೦೦ರಿಂದ ಭಾಗಿಸಿದರೆ ೦.೦೭೫ ಯೂನಿಟ್, ಫ್ಯಾನಿನ ಸಾಮರ್ಥ್ಯ ೭೫ ವಾಟ್. ಹೀಗೆಯೇ ವಾರಕ್ಕೊಂದು ಉಪಕರಣವನ್ನು ಪರೀಕ್ಷಿಸಿ ಒಂದು ಪುಸ್ತಕದಲ್ಲಿ ಬರೆದಿಡುತ್ತ ಬರಲಿ. ಮೀಟರಿನ ಪೆಟ್ಟಿಗೆಯನ್ನು ಮಾತ್ರ ಯಾರೂ ತೆರೆಯತಕ್ಕದ್ದಲ್ಲ. ಆ ಪುಸ್ತಕವು ತುಂಬುವ ಹೊತ್ತಿಗೆ ಹುಡುಗನಿಗೆ ಪಾಠವೂ ಗೃಹಸ್ಥರಿಗೆ ಬಿಲ್ಲೂ ಸ್ಪಷ್ಟವಾಗಿರುತ್ತವೆ.